ಹೊಸ ಪ್ರವಾಸಿ ಟ್ರೇಲರಿಗೆ ಮಳೆಗಾಲದ ನೆಲೆ

ಕಾರಿನ ಹಿಂದೆ ಕಟ್ಟಿ ಎಳೆಯುವ ಪ್ರವಾಸಿ ಟ್ರೇಲರನ್ನು ಕೊಂಡ ಕಾಸರಗೋಡಿನವರಿಗೆ ಎದುರಾಗುವ ಮೊದಲ ಪ್ರಶ್ನೆ, ಅದನ್ನು ನಿಲ್ಲಿಸುವುದೆಲ್ಲಿ ಎಂಬುದು. ರಾಷ್ಟ್ರೀಯ ಹೆದ್ದಾರಿ 66ರ ಸರ್ವೀಸ್ ರಸ್ತೆಯ ಅಂಚು ಅದಕ್ಕೆ ತಕ್ಕ ಸ್ಥಳವಲ್ಲ. 1988ರ ಮೋಟಾರು ವಾಹನ ಕಾಯ್ದೆಯ 127ನೇ ಕಲಮಿನಂತೆ, ಸಾರ್ವಜನಿಕ ಸ್ಥಳದಲ್ಲಿ 10 ಗಂಟೆ ಕಾಲ ಯಾರೂ ಇಲ್ಲದೆ ಬಿಟ್ಟ ವಾಹನವನ್ನು ಪೊಲೀಸರು ತೆರವುಗೊಳಿಸಬಹುದು. ಎಳೆದೊಯ್ದ ವೆಚ್ಚವೂ ಮಾಲಕರದೇ.

ಸ್ವಂತ ಅಂಗಳವಿದ್ದರೂ ಎಲ್ಲ ಮೂಲೆಯೂ ಸುರಕ್ಷಿತವಲ್ಲ. ನಮ್ಮಲ್ಲಿ ನೆರಳೆಂದರೆ ಹೆಚ್ಚಾಗಿ ತೆಂಗಿನದು. ತೆಳುವಾದ ಛಾವಣಿ ಬಿರಿಯಲು ಒಂದು ಕಾಯಿ ಬಿದ್ದರೆ ಸಾಕು. ವರ್ಷಕ್ಕೆ 3,000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ಈ ನಾಡಿನಲ್ಲಿ, ಆ ಬಿರುಕಿನಿಂದ ಇಳಿದ ನೀರು ಗೋಡೆಯ ಹಲಗೆಯನ್ನು ಹೊರಗೆ ಕಾಣದಂತೆ ಕೊಳೆಯಿಸುತ್ತದೆ. ಅಡಿಕೆ ತೋಟದ ತಗ್ಗಿನಲ್ಲಿ ಚಕ್ರ ಹೂತುಹೋಗುತ್ತದೆ. ಕಡಲಂಚಿನ ಉಪ್ಪುಗಾಳಿ ಕಬ್ಬಿಣವನ್ನು ತಿನ್ನುತ್ತದೆ. ನೀರು ನಿಲ್ಲದ, ಕುಸಿಯದ ಮುರಕಲ್ಲಿನ ಸಮನೆಲವೇ ಮೇಲೆಂದು ನಾವು ಭಾವಿಸುತ್ತೇವೆ. ತಗಡಿನ ಮಾಡು, ಚಕ್ರಕ್ಕೆ ಅಡ್ಡಗಲ್ಲು, ಕೊಂಡಿಗೆ ಬೀಗ ಇರಲಿ. ಟಾರ್ಪಾಲನ್ನು ಬಿಗಿದು ಸುತ್ತಿದರೆ ಗಾಳಿಯಾಡದೆ ಒಳಗೆಲ್ಲ ಬೂಷ್ಟು ಹಿಡಿಯುತ್ತದೆ.

ಪರರ ಜಾಗವನ್ನು ಬಾಡಿಗೆಗೆ ಹಿಡಿಯುವುದಾದರೆ, ಕಳವಾದಾಗ ಹೊಣೆ ಯಾರದೆಂಬುದು ಕರಾರಿನಲ್ಲಿರಬೇಕು. ಕರಾರು ಮಲಯಾಳದಲ್ಲಿದ್ದರೆ, ಬಲ್ಲವರಿಂದ ಓದಿಸಿ ಅರ್ಥ ತಿಳಿದ ಬಳಿಕವೇ ಸಹಿ ಹಾಕುವುದು ಲೇಸು.