ಕೂಸಿನ ಸೊಟ್ಟಪಾದ

ಬದಾಮಿ, ಹುನಗುಂದದ ಕಡೆಗೆ ಕೂಸು ಸೊಟ್ಟಪಾದದೊಡನೆ ಹುಟ್ಟಿದರೆ, ಗ್ರಹಣಕಾಲದಲ್ಲಿ ಬಸುರಿಯು ಎಚ್ಚರ ತಪ್ಪಿದಳೆಂದು ತಾಯಿಯನ್ನೇ ದೂಷಿಸುವದನ್ನು ನಾವು ಕೇಳಿದ್ದೇವೆ. ಇದು ಅನ್ಯಾಯವು. ಸುಮಾರು ಸಾವಿರ ಶಿಶುಗಳಲ್ಲಿ ಒಂದಕ್ಕೆ ಪಾದವು ಹುಟ್ಟಿನಿಂದಲೇ ಒಳಕ್ಕೂ ಕೆಳಕ್ಕೂ ತಿರುಗಿರುವದು; ಗ್ರಹಣಕ್ಕೂ ಅದಕ್ಕೂ ಸಂಬಂಧವಿಲ್ಲ.

ಇದಕ್ಕೆ ಚಿಕಿತ್ಸೆಯುಂಟು. ಅಮೇರಿಕೆಯ ಅಯೋವಾದ ವೈದ್ಯರಾದ ಇಗ್ನೇಷಿಯೋ ಪೊನ್ಸೆಟಿಯವರ ಕ್ರಮದಂತೆ, ಹುಟ್ಟಿದ ಕೆಲವೇ ವಾರಗಳಲ್ಲಿ ಪಾದವನ್ನು ಮೆಲ್ಲನೆ ತಿದ್ದಿ ಪ್ಲಾಸ್ಟರ್ ಹಾಕುವರು. ವಾರಕ್ಕೊಮ್ಮೆ ಅದನ್ನು ಬದಲಿಸುತ್ತ ಹೋದರೆ ಐದಾರು ಸಲಕ್ಕೆ ಪಾದವು ತಿದ್ದುವದು. ಬಹಳ ಮಕ್ಕಳಿಗೆ ಹಿಮ್ಮಡಿಯ ಮೇಲಿನ ಬಿಗಿದ ಸ್ನಾಯುರಜ್ಜುವನ್ನು ಸಣ್ಣ ಶಸ್ತ್ರಕ್ರಿಯೆಯಿಂದ ಸಡಿಲಿಸಬೇಕಾಗುವದು.

ನಿಜವಾದ ಪರೀಕ್ಷೆಯು ಆ ಬಳಿಕ ಮನೆಯಲ್ಲಿ. ಸರಳಿನಿಂದ ಜೋಡಿಸಿದ ಬೂಟುಗಳನ್ನು ಮೊದಲ 3 ತಿಂಗಳು ದಿನಕ್ಕೆ 23 ತಾಸು, ತರುವಾಯ ಸುಮಾರು 4 ವರ್ಷದ ವಯಸ್ಸಿನವರೆಗೆ ಮಲಗುವಾಗ ತೊಡಿಸಬೇಕು. ಕೂಸು ಅಳುವದೆಂದು ಅಜ್ಜಿಯು ಕರುಳು ಕರಗಿ ಬಿಚ್ಚಿಟ್ಟರೆ ಪಾದವು ಮರಳಿ ಸೊಟ್ಟಾಗುವದು. ಇಳಕಲ್ಲಿನಲ್ಲಿ ಮಗ್ಗ ನಡೆಸಲು ಕೈಯಷ್ಟೇ ಕಾಲೂ ಬೇಕು. ಇಂದಿನ ಅಳುವಿಗೆ ಮರುಗಿ ನಾಳಿನ ನಡಿಗೆಯನ್ನು ಕಳೆಯಬಾರದು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಈ ಚಿಕಿತ್ಸೆಯು ಉಚಿತವು. ಆದುದರಿಂದ ಗೃಹಸ್ಥರು ತಾಯಿಯನ್ನು ದೂರುವದನ್ನು ಬಿಟ್ಟು, ಆಶಾ ಕಾರ್ಯಕರ್ತೆಗೆ ತಿಳಿಸಿ, ಕೂಸನ್ನು ಬೇಗನೆ ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಗೆ ಒಯ್ಯಬೇಕೆಂದು ನಮ್ಮ ವಿನಂತಿ.