ಮತ್ತೆ ಬೇತಾಳನ ಕಥೆಗಳಿಗೆ

ಬಾಲ್ಯದಲ್ಲಿ ಓದಿ ಬಿಟ್ಟ ಅದ್ಭುತ ಕಥಾಮಾಲೆಗೆ ವರ್ಷಗಳ ಮೇಲೆ ಹಿಂದಿರುಗುವವನಿಗೆ ಎರಡು ತೊಡಕುಗಳು ಎದುರಾಗುತ್ತವೆ. ಹಿಂದಿನ ಕಥೆ ಮರೆತುಹೋಗಿರುತ್ತದೆ. ಹಿಂದಿನ ರುಚಿಯೂ ಮಾರ್ಪಟ್ಟಿರುತ್ತದೆ. ಇವೆರಡನ್ನೂ ಗೆದ್ದ ಮಾಲೆಯೆಂದರೆ ‘ಚಂದಮಾಮ’ದ ಬೇತಾಳ ಕಥೆಗಳು.

ನಾಗಿರೆಡ್ಡಿ, ಚಕ್ರಪಾಣಿ ಇವರು 1947ರಲ್ಲಿ ಮದರಾಸಿನಲ್ಲಿ ಆರಂಭಿಸಿದ ಈ ಮಾಸಪತ್ರಿಕೆ 1949ರಲ್ಲಿ ಕನ್ನಡಕ್ಕೂ ಬಂದಿತು. ಪತ್ರಿಕೆ ಈಗ ನಿಂತುಹೋಗಿದೆ. ಶಹಾಪುರದ ರದ್ದಿ ಅಂಗಡಿಯಿಂದ ತಂದ ಹಳೆಯ ಸಂಚಿಕೆಗಳನ್ನು ನಾನು ಐದನೆಯ ತರಗತಿಯಲ್ಲಿ ಓದಿದ್ದೆ, ಬಿ.ಎ. ಕೊನೆಯ ವರ್ಷದಲ್ಲಿ ಮತ್ತೆ ತೆರೆದೆನು. ಶವವನ್ನು ಹೆಗಲಿಗೇರಿಸಿ ಕತ್ತಿ ಹಿಡಿದು ನಡೆವ ರಾಜನ ಚಿತ್ರ, ಕಲಾವಿದ ಶಂಕರ್ (1924–2020) ಅವರದು, ನನ್ನನ್ನು ಕೂಡಲೆ ಒಳಕ್ಕೆ ಕರೆದುಕೊಂಡಿತು.

ಇದರ ಗುಟ್ಟು ಕಥೆಯ ಕಟ್ಟಿನಲ್ಲಿದೆ. ರಾಜನು ಮರದಿಂದ ಶವವನ್ನಿಳಿಸಿ ಮೌನವಾಗಿ ಸ್ಮಶಾನದತ್ತ ನಡೆಯುತ್ತಾನೆ. ಶವದೊಳಗಿನ ಬೇತಾಳನು ಕಥೆ ಹೇಳಿ ಪ್ರಶ್ನೆಯೊಡ್ಡುತ್ತಾನೆ. ಉತ್ತರ ತಿಳಿದೂ ಹೇಳದಿದ್ದರೆ ರಾಜನ ತಲೆ ಸಿಡಿಯುತ್ತದೆ. ಹೇಳಿದರೆ ಮೌನ ಮುರಿದು ಶವ ಮರಕ್ಕೆ ಮರಳುತ್ತದೆ. ಪ್ರತಿ ತಿಂಗಳೂ ಕಥೆ ಅದೇ ಮರದಡಿಯಿಂದಲೇ ಹೊರಡುವುದರಿಂದ, ಹತ್ತು ವರ್ಷ ದೂರವಿದ್ದವನೂ ಏನನ್ನೂ ಕಳೆದುಕೊಂಡಿರುವುದಿಲ್ಲ. ಸಾಮಾನ್ಯ ಧಾರಾವಾಹಿಯಲ್ಲಾದರೋ ನಾಲ್ಕು ಕಂತು ತಪ್ಪಿದರೆ ದಾರಿಯೇ ತಪ್ಪುತ್ತದೆ.

ಇನ್ನು ರುಚಿಯ ಮಾತು. ಹುಡುಗನಾಗಿದ್ದಾಗ ರಾಜನ ಉತ್ತರಕ್ಕೆ ಆತುರಪಡುತ್ತಿದ್ದೆ. ಈಗ ಪ್ರಶ್ನೆಯ ಬಳಿಯೇ ನಿಲ್ಲುತ್ತೇನೆ. ಈ ಕಥೆಗಳ ಮೂಲಗಳಲ್ಲೊಂದು ಕಾಶ್ಮೀರದ ಸೋಮದೇವನು ಹನ್ನೊಂದನೆಯ ಶತಮಾನದಲ್ಲಿ ರಚಿಸಿದ ‘ಕಥಾಸರಿತ್ಸಾಗರ’. ಅದರಲ್ಲಿ ಮದನಸುಂದರಿಯೆಂಬವಳು ಗಂಡನ ಮತ್ತು ಅಣ್ಣನ ಕಡಿದ ತಲೆಗಳನ್ನು ಜೋಡಿಸುವಾಗ ಅದಲುಬದಲು ಮಾಡುತ್ತಾಳೆ. ಇಬ್ಬರಲ್ಲಿ ಗಂಡನಾರು? ಅಂಗಗಳಲ್ಲಿ ತಲೆಯೇ ಮುಖ್ಯ, ಆದ್ದರಿಂದ ಗಂಡನ ತಲೆಯುಳ್ಳವನೇ ಗಂಡನೆಂದು ರಾಜನ ತೀರ್ಪು. ಇದನ್ನು ಅಕ್ಷರ ಬಾರದ ನನ್ನ ಅವ್ವನಿಗೆ ಹೇಳಿದಾಗ ಆಕೆ, “ಅಕಿನ್ನ ಯಾರರ ಕೇಳ್ಯಾರೇನು, ತಮ್ಮಾ?” ಎಂದಳು. ಗಿರೀಶ ಕಾರ್ನಾಡರ ‘ಹಯವದನ’ (1971) ಈ ಕಥೆಯನ್ನೇ, ಜರ್ಮನ್ ಲೇಖಕ ಥಾಮಸ್ ಮನ್ನನ ಕೃತಿಯ ಮೂಲಕ, ಎತ್ತಿಕೊಂಡಿದೆ. ಅಲ್ಲಿಯೂ ಋಷಿಯ ತೀರ್ಪು ಅದೇ. ಆದರೆ ಪದ್ಮಿನಿಗೆ ಅದರಿಂದ ನೆಮ್ಮದಿಯಿಲ್ಲ. ಅವ್ವನ ಪ್ರಶ್ನೆ ನಾಟಕಕಾರನ ಪ್ರಶ್ನೆಗೆ ಎಷ್ಟು ಹತ್ತಿರ!

ಸೋಮದೇವನ ಕೊನೆಯ ಪ್ರಶ್ನೆಗೆ ರಾಜನಿಗೆ ಉತ್ತರ ತೋಚುವುದಿಲ್ಲ. ನಿಜವಾಗಿಯೂ ತಿಳಿಯದೆ ಮೌನವಾಗುತ್ತಾನೆ. ಬೇತಾಳನು ಆಗಲೇ ಮೆಚ್ಚಿ, ಸಂನ್ಯಾಸಿಯ ವಂಚನೆಯನ್ನು ತಿಳಿಸಿ ಅವನನ್ನು ಉಳಿಸುತ್ತಾನೆ. ತಿಳಿಯದಿದ್ದಾಗ ಸುಮ್ಮನಿರುವುದರಲ್ಲಿ ಅವಮಾನವಿಲ್ಲ. ಆದರೆ ಹಳ್ಳಿಗಳಿಂದ ಯಾದಗಿರಿ, ಸುರಪುರಗಳ ಕಾಲೇಜುಗಳಿಗೆ ಬರುವ ನಮ್ಮಲ್ಲಿ ಅನೇಕರು, ಉತ್ತರ ತಿಳಿದೂ ಸಂಕೋಚದಿಂದ ಹಿಂದಿನ ಬೆಂಚಿನಲ್ಲಿ ಬಾಯಿಮುಚ್ಚಿ ಕುಳಿತಿರುತ್ತೇವೆ. ರಾಜನಾದರೋ ರಾತ್ರಿಯ ದುಡಿಮೆಯೆಲ್ಲ ವ್ಯರ್ಥವಾಗುವುದೆಂದು ಬಲ್ಲವನಾಗಿಯೂ ಮಾತನಾಡಿದನು. ಗೆಳೆಯರೆ, ಈ ಕಥೆಗಳನ್ನು ಇನ್ನೊಮ್ಮೆ ಓದಲು ಇಷ್ಟು ಕಾರಣ ಸಾಲದೆ?