ಮೇವಿನ ಪಟ್ಟಿ ಆ್ಯಪ್‌ನಲ್ಲಿದೆ, ಹಸುವಿನ ವಿವರ ನಿಮ್ಮ ಬಳಿ ಇದೆ

ಹಾಲು ಉತ್ಪಾದಕ ಸಹೋದರಿಯರೇ,

ಮಹಿಳಾ ಸಂಘಗಳ ಸಭೆಗೆ ಹೋದಾಗಲೆಲ್ಲ ಈಗ ಒಂದು ಪ್ರಶ್ನೆ ಬರುತ್ತದೆ. “ಡಾಕ್ಟ್ರೇ, ಹಸುವಿಗೆ ಎಷ್ಟು ಮೇವು, ಎಷ್ಟು ಪಶು ಆಹಾರ ಹಾಕಬೇಕು ಅಂತ ಮೊಬೈಲೇ ಹೇಳುತ್ತದಂತೆ. ಅದನ್ನು ನಂಬಬಹುದಾ?”

ನಂಬಬಹುದು. ಆದರೆ ಅದು ಹೇಗೆ ಲೆಕ್ಕ ಹಾಕುತ್ತದೆ ಎಂದು ತಿಳಿದುಕೊಂಡು ಬಳಸಬೇಕು. ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಾನೇ ಮಾಡಿದ ಒಂದು ತಪ್ಪನ್ನು ಹೇಳುತ್ತೇನೆ.

ಒಬ್ಬ ಅಕ್ಕನ ಮನೆಯಲ್ಲಿ ಕರು ಹಾಕಿ ಎರಡು ತಿಂಗಳಾದ ಮಿಶ್ರತಳಿ ಹಸು ಇತ್ತು. ದಿನಕ್ಕೆ 10 ಲೀಟರ್ ಹಾಲು. ಅವರು ಹಸುವಿಗೆ 15 ಕೆ.ಜಿ. ಮುಸುಕಿನ ಜೋಳದ ಹಸಿರು ಮೇವು, 4 ಕೆ.ಜಿ. ರಾಗಿ ಹುಲ್ಲು, 5 ಕೆ.ಜಿ. ಪಶು ಆಹಾರ ಕೊಡುತ್ತಿದ್ದರು. ನಾನು ಅವಸರದಲ್ಲಿ ಎಲ್ಲವನ್ನೂ ಆ್ಯಪ್‌ಗೆ ತುಂಬಿದೆ. ಪಶು ಆಹಾರ 3 ಕೆ.ಜಿ. ಸಾಕು ಎಂಬ ಉತ್ತರ ಬಂತು. ಖರ್ಚು ಉಳಿಯಿತಲ್ಲ ಎಂದು ಇಬ್ಬರಿಗೂ ಖುಷಿ.

ಹತ್ತು ದಿನದ ಮೇಲೆ ಆ ಅಕ್ಕ ಫೋನ್ ಮಾಡಿದರು. “ಹಾಲು ಏಳೂವರೆಗೆ ಇಳಿದಿದೆ ಡಾಕ್ಟ್ರೇ. ಹಸು ಸೊರಗುತ್ತಿದೆ.” ಹೋಗಿ ಮತ್ತೆ ಆ್ಯಪ್ ತೆರೆದು ನೋಡಿದೆ. ಹಸಿರು ಮುಸುಕಿನ ಜೋಳ ಎಂದು ಒತ್ತುವ ಬದಲು, ಅದರ ಕೆಳಗಿನ ಸಾಲಿನಲ್ಲಿದ್ದ ಒಣ ದಂಟನ್ನು ಒತ್ತಿದ್ದೆ. ತಪ್ಪು ಆ್ಯಪ್‌ನದಲ್ಲ, ನನ್ನದು. ಪಶು ಆಹಾರವನ್ನು ಸ್ವಲ್ಪ ಸ್ವಲ್ಪವೇ ಮೊದಲಿನ ಮಟ್ಟಕ್ಕೆ ತಂದೆವು. ಹಾಲು 9 ಲೀಟರ್‌ವರೆಗೆ ಬಂತು. ಹೋದ ಆ ಒಂದು ಲೀಟರ್ ಆ ಸೂಲಿನಲ್ಲಿ ಮತ್ತೆ ಬರಲೇ ಇಲ್ಲ.

ಆ್ಯಪ್‌ನ ಒಳಗೆ ಏನಿದೆ?

ಇಂಥ ಆ್ಯಪ್‌ಗಳಲ್ಲಿ ಮೇವು ಮತ್ತು ಹಿಂಡಿಗಳ ಒಂದು ಪಟ್ಟಿಯನ್ನು ಮೊದಲೇ ತುಂಬಿಟ್ಟಿರುತ್ತಾರೆ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯವರು ಸಿದ್ಧಪಡಿಸಿದ ‘ಪಶು ಪೋಷಣ್’ ಇದಕ್ಕೆ ಒಂದು ಉದಾಹರಣೆ. ರಾಗಿ ಹುಲ್ಲು, ನೇಪಿಯರ್, ಅಲಸಂದೆ, ಬೂಸಾ, ಕಡಲೆಕಾಯಿ ಹಿಂಡಿ ಹೀಗೆ ಪ್ರತಿಯೊಂದರ ಮುಂದೆಯೂ ಅದರಲ್ಲಿ ಒಣ ಅಂಶ ಎಷ್ಟು, ಪ್ರೋಟೀನ್ ಎಷ್ಟು, ಶಕ್ತಿ ಎಷ್ಟು, ಸುಣ್ಣದಂಶ ಮತ್ತು ರಂಜಕ ಎಷ್ಟು ಎಂಬ ಅಂಕಿಗಳಿರುತ್ತವೆ. ಮೇವಿನ ಮಾದರಿಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಪಡೆದ ಅಂಕಿಗಳಿವು.

ಇದನ್ನು ಅಂಗಡಿಯ ದರಪಟ್ಟಿಗೆ ಹೋಲಿಸಬಹುದು. ದರ ಮೊದಲೇ ಬರೆದಿರುತ್ತದೆ. ಯಾವ ಸಾಮಾನು, ಎಷ್ಟು ಕೆ.ಜಿ. ಎಂದು ನೀವು ಹೇಳಿದರೆ ಬಿಲ್ ಬರುತ್ತದೆ. ಸಾಮಾನಿನ ಹೆಸರು ತಪ್ಪಿದರೆ ದರಪಟ್ಟಿ ಸರಿಯಿದ್ದರೂ ಬಿಲ್ ತಪ್ಪೇ.

ನನ್ನ ತಪ್ಪಿನ ಲೆಕ್ಕ ನೋಡಿ. ಹಸಿರು ಮೇವಿನಲ್ಲಿ ಹೆಚ್ಚಿನ ಪಾಲು ನೀರು. 15 ಕೆ.ಜಿ. ಹಸಿರು ಮುಸುಕಿನ ಜೋಳದಲ್ಲಿ ಒಣ ಅಂಶ ಸುಮಾರು 3 ಕೆ.ಜಿ. ಮಾತ್ರ. ಒಣ ದಂಟಿನಲ್ಲಿ ನೀರು ಶೇ. 10ರಷ್ಟು. ಹಾಗಾಗಿ ಅದೇ 15 ಕೆ.ಜಿ.ಯನ್ನು ಆ್ಯಪ್ ಸುಮಾರು 13.5 ಕೆ.ಜಿ. ಒಣ ಅಂಶ ಎಂದು ಲೆಕ್ಕ ಹಾಕಿತು. ಹಸು ಹೊಟ್ಟೆ ತುಂಬಿ ಮಿಗುವಷ್ಟು ತಿನ್ನುತ್ತಿದೆ ಎಂದುಕೊಂಡು ಪಶು ಆಹಾರ ಕಡಿಮೆ ಮಾಡಲು ಹೇಳಿತು. ನಿಜವಾಗಿ ಆ ಹಸು ಅರೆಹೊಟ್ಟೆಯಲ್ಲಿತ್ತು.

ಹೆಸರು ಒಂದು, ವಸ್ತು ಬೇರೆ

ಪಟ್ಟಿಯಲ್ಲಿ ಎಡವುವುದು ಹೆಚ್ಚಾಗಿ ಹೆಸರಿನಲ್ಲೇ. ಈ ನಾಲ್ಕನ್ನು ನೆನಪಿಡಿ.

1. ಜೋಳ: ನಮ್ಮಲ್ಲಿ ಅನೇಕರು ಮುಸುಕಿನ ಜೋಳವನ್ನೂ ಬರೀ ‘ಜೋಳ’ ಎನ್ನುತ್ತೇವೆ. ಉತ್ತರ ಕರ್ನಾಟಕದಲ್ಲಿ ಜೋಳ ಎಂದರೆ ರೊಟ್ಟಿಯ ಜೋಳ. ಮುಸುಕಿನ ಜೋಳಕ್ಕೆ ಅಲ್ಲಿ ಗೋವಿನ ಜೋಳ, ಮೆಕ್ಕೆಜೋಳ ಎನ್ನುತ್ತಾರೆ. ಪಟ್ಟಿಯಲ್ಲಿ ಇವು ಬೇರೆ ಬೇರೆ ಇರುತ್ತವೆ.

2. ಹಸಿ, ಒಣ, ಕಾಳು: ಒಂದೇ ಬೆಳೆಯ ಹಸಿರು ಮೇವು, ಒಣ ದಂಟು, ಕಾಳು ಮೂರಕ್ಕೂ ಬೇರೆ ಬೇರೆ ಸಾಲು ಇರುತ್ತದೆ. ಪೂರ್ತಿ ಹೆಸರು ಓದಿಯೇ ಒತ್ತಿ.

3. ಹಿಂಡಿ: ಕಡಲೆಕಾಯಿ ಹಿಂಡಿಯಲ್ಲಿ ಪ್ರೋಟೀನ್ ಶೇ. 40ರ ಆಸುಪಾಸು. ಸಿಪ್ಪೆ ತೆಗೆಯದ ಹತ್ತಿಬೀಜದ ಹಿಂಡಿಯಲ್ಲಿ ಅದರ ಅರ್ಧದಷ್ಟು. ‘ಹಿಂಡಿ’ ಎಂದಷ್ಟೇ ಹೇಳಿದರೆ ಲೆಕ್ಕ ಸಿಗುವುದಿಲ್ಲ.

4. ಪಶು ಆಹಾರ: ಚೀಲದ ಮೇಲೆ ಅದು ಯಾವ ಮಾದರಿ, ಪ್ರೋಟೀನ್ ಶೇಕಡಾ ಎಷ್ಟು ಎಂದು ಮುದ್ರಿಸಿರುತ್ತದೆ. ಅದನ್ನು ನೋಡಿ ಆರಿಸಿ.

ನೀವು ಕೊಡಬೇಕಾದ ವಿವರ

ಪಟ್ಟಿ ಆ್ಯಪ್‌ನಲ್ಲಿದ್ದರೂ ನಿಮ್ಮ ಹಸುವಿನ ವಿವರ ಅದರಲ್ಲಿ ಇಲ್ಲ. ಅದು ನಿಮ್ಮಿಂದಲೇ ಬರಬೇಕು. ಮನೆಯಲ್ಲಿ ಫೋನ್ ಮಗನ ಕೈಯಲ್ಲೋ ಯಜಮಾನರ ಕೈಯಲ್ಲೋ ಇರಬಹುದು. ಆದರೆ ಹುಲ್ಲು ಹಾಕುವವರು, ಹಾಲು ಕರೆಯುವವರು ನೀವು. ಆದ್ದರಿಂದ ವಿವರ ತುಂಬುವಾಗ ಪಕ್ಕದಲ್ಲಿ ಕುಳಿತು ಹೇಳಿ.

ಹಸುವಿನ ತೂಕ: ತಕ್ಕಡಿ ಬೇಡ, ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ಅಳೆಯಿರಿ. ಭುಜದ ಮೂಳೆಯಿಂದ ಪೃಷ್ಠದ ಮೂಳೆಯವರೆಗೆ ಉದ್ದ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಸುತ್ತಳತೆ 66 ಇಂಚು, ಉದ್ದ 58 ಇಂಚು ಇದ್ದರೆ ತೂಕ ಸುಮಾರು 383 ಕೆ.ಜಿ.

ಹಾಲು ಮತ್ತು ಫ್ಯಾಟ್: ಡೇರಿಗೆ ಹಾಕಿದ ಹಾಲನ್ನಷ್ಟೇ ಹೇಳಬೇಡಿ. ಮನೆಗೆ ಇಟ್ಟುಕೊಂಡದ್ದನ್ನೂ ಕರು ಕುಡಿದದ್ದನ್ನೂ ಸೇರಿಸಿ. ಫ್ಯಾಟ್ ಅಂಶವನ್ನು ಸಂಘದ ಚೀಟಿ ನೋಡಿ ಹೇಳಿ.

ಗಬ್ಬದ ತಿಂಗಳು: ಕೊನೆಯ ಮೂರು ತಿಂಗಳಲ್ಲಿ ಹೊಟ್ಟೆಯ ಕರು ವೇಗವಾಗಿ ಬೆಳೆಯುತ್ತದೆ. ಈ ವಿವರ ಬಿಟ್ಟರೆ ಹಸುವಿಗೂ ಕರುವಿಗೂ ಕಡಿಮೆ ಬೀಳುತ್ತದೆ.

ಮೇವಿನ ತೂಕ: ‘ಒಂದು ಹೊರೆ’, ‘ಎರಡು ಕಂತೆ’ ಎಂದರೆ ಆ್ಯಪ್‌ಗೆ ತಿಳಿಯದು. ಒಂದು ದಿನ ತೂಗು ತಕ್ಕಡಿಯಲ್ಲಿ ನಿಮ್ಮ ಹೊರೆಯನ್ನು, ಪಶು ಆಹಾರ ಅಳೆಯುವ ಡಬ್ಬಿಯನ್ನು ತೂಗಿ ಬರೆದಿಟ್ಟುಕೊಳ್ಳಿ. ಹಸು ತಿನ್ನದೆ ಬಿಟ್ಟದ್ದನ್ನು ಕಳೆಯಿರಿ.

ಪಟ್ಟಿಗೆ ಕಾಣದ ಸಂಗತಿ

ಪಟ್ಟಿಯಲ್ಲಿರುವುದು ಸರಾಸರಿ ಅಂಕಿ. ನೇಪಿಯರ್ ಅನ್ನು 45 ದಿನಕ್ಕೊಮ್ಮೆ ಕೊಯ್ದರೆ ಎಳಸಾಗಿರುತ್ತದೆ, ಪ್ರೋಟೀನ್ ಚೆನ್ನಾಗಿರುತ್ತದೆ. ಎರಡೂವರೆ ತಿಂಗಳು ಬಿಟ್ಟು ಕೊಯ್ದರೆ ಕಾಂಡ ಬಲಿತು ನಾರು ಹೆಚ್ಚಿ ಪ್ರೋಟೀನ್ ಇಳಿಯುತ್ತದೆ. ಆ್ಯಪ್ ಎರಡನ್ನೂ ‘ನೇಪಿಯರ್’ ಎಂದೇ ಓದುತ್ತದೆ. ಮಳೆಯಲ್ಲಿ ನೆನೆದು ಕಪ್ಪಾದ ರಾಗಿ ಹುಲ್ಲು, ಬೂಷ್ಟು ಹಿಡಿದ ಹಿಂಡಿ ಅದಕ್ಕೆ ಕಾಣುವುದಿಲ್ಲ. ಬೂಷ್ಟು ಬಂದ ಹಿಂಡಿಯನ್ನು ಪಟ್ಟಿ ಏನೇ ಹೇಳಲಿ, ಹಸುವಿಗೆ ಹಾಕಲೇಬೇಡಿ.

ಕೆಲವು ಆ್ಯಪ್‌ಗಳಲ್ಲಿ ಪಟ್ಟಿ ಮೊಬೈಲಿನೊಳಗೇ ಇಳಿದಿರುತ್ತದೆ. ಕೊಟ್ಟಿಗೆಯಲ್ಲಿ ನೆಟ್‌ವರ್ಕ್ ಸಿಗದಿದ್ದರೂ ಕೆಲಸ ಮಾಡುವುದು ಅದರ ಅನುಕೂಲ. ಆದರೆ ಆ್ಯಪ್ ಅಪ್‌ಡೇಟ್ ಮಾಡದಿದ್ದರೆ ಹಳೆಯ ಪಟ್ಟಿಯೇ ಉಳಿದುಬಿಡುತ್ತದೆ. ಮೇವಿನ ದರವೂ ಹಾಗೆಯೇ. ನಿಮ್ಮ ಊರಿನ ಇವತ್ತಿನ ದರ ತುಂಬಿದರೆ ಮಾತ್ರ ಕಡಿಮೆ ಖರ್ಚಿನ ಉತ್ತರ ಸರಿಯಾಗಿ ಬರುತ್ತದೆ.

ಉತ್ತರ ಬಂದ ಮೇಲೆ

ಮೊದಲು ಉತ್ತರವನ್ನು ನಿಮಗೆ ಗೊತ್ತಿರುವ ಲೆಕ್ಕದೊಂದಿಗೆ ಹೋಲಿಸಿ. ಹಸುವಿನ ದೇಹ ನಿರ್ವಹಣೆಗೆ ಒಂದೂವರೆ ಕೆ.ಜಿ., ಪ್ರತಿ ಲೀಟರ್ ಹಾಲಿಗೆ 400 ಗ್ರಾಂ ಪಶು ಆಹಾರ ಎಂಬುದು ನಾವು ಹಿಂದಿನಿಂದ ಹೇಳುತ್ತ ಬಂದ ಲೆಕ್ಕ. 10 ಲೀಟರ್ ಹಸುವಿಗೆ ಇದು ಐದೂವರೆ ಕೆ.ಜಿ. ಆಗುತ್ತದೆ. ಒಳ್ಳೆಯ ಹಸಿರು ಮೇವಿದ್ದರೆ ಸ್ವಲ್ಪ ಕಡಿಮೆಯಾಗಬಹುದು. ಆದರೆ ಆ್ಯಪ್ 3 ಕೆ.ಜಿ. ಎಂದಾಗ ನನಗೆ ಅನುಮಾನ ಬರಬೇಕಿತ್ತು. ಇಷ್ಟು ದೊಡ್ಡ ವ್ಯತ್ಯಾಸ ಕಂಡರೆ ತುಂಬಿದ ವಿವರವನ್ನು ಮೊದಲಿನಿಂದ ಓದಿ ನೋಡಿ.

ಮೇವು ಬದಲಿಸುವುದಾದರೆ ಒಂದೇ ದಿನದಲ್ಲಿ ಬೇಡ. 7ರಿಂದ 10 ದಿನಗಳಲ್ಲಿ ಸ್ವಲ್ಪ ಸ್ವಲ್ಪವೇ ಬದಲಿಸಿ. ಕಾಳು, ಹಿಟ್ಟು, ಪಶು ಆಹಾರ ಒಮ್ಮೆಲೇ ಹೆಚ್ಚಾದರೆ ಹೊಟ್ಟೆಯಲ್ಲಿ ಹುಳಿ ಹೆಚ್ಚಿ ಹಸು ಮೇವು ಬಿಡುತ್ತದೆ, ಜೀವಕ್ಕೂ ಅಪಾಯ. ಹಾಲು, ಫ್ಯಾಟ್, ಸಗಣಿ, ಮೆಲುಕು ಹಾಕುವುದು ಇವನ್ನು ದಿನವೂ ಗಮನಿಸಿ. ಮೂರು ದಿನ ಸತತವಾಗಿ ಹಾಲು ಇಳಿದರೆ ಹತ್ತನೆಯ ದಿನದವರೆಗೆ ಕಾಯಬೇಡಿ, ಕೂಡಲೇ ನಮಗೆ ಫೋನ್ ಮಾಡಿ. ಕಾಯಿಲೆ ಬಿದ್ದ ಹಸುವಿಗೆ ಆ್ಯಪ್‌ನ ಲೆಕ್ಕ ಹೊಂದುವುದಿಲ್ಲ, ಅದಕ್ಕೆ ಚಿಕಿತ್ಸೆ ಬೇಕು.

ಆ ಅಕ್ಕ ಈಗಲೂ ಅದೇ ಆ್ಯಪ್ ಬಳಸುತ್ತಾರೆ. ಆದರೆ ನಾನು ಒಂದೊಂದು ಸಾಲು ಒತ್ತುವಾಗಲೂ ಪಕ್ಕದಲ್ಲಿ ನಿಂತು, “ಹಸಿದಾ, ಒಣಗಿದ್ದಾ ನೋಡಿ ಡಾಕ್ಟ್ರೇ” ಎನ್ನುತ್ತಾರೆ. ನೀವೂ ಹಾಗೆಯೇ ಕೇಳಿ. ಸಂಘಕ್ಕೆ ನಾವು ಮುಂದಿನ ಸಲ ಬಂದಾಗ ಪಶು ಆಹಾರದ ಚೀಲದ ಚೀಟಿ, ಹಾಲಿನ ಚೀಟಿ, ಹಸುವಿನ ಅಳತೆ ಬರೆದುಕೊಂಡು ಬನ್ನಿ. ಒಟ್ಟಿಗೆ ಕುಳಿತು ಲೆಕ್ಕ ಹಾಕೋಣ.

– ಪಶುವೈದ್ಯಾಧಿಕಾರಿ, ಹಾಲು ಒಕ್ಕೂಟ